ಹಿಂದಿನ ಗೇಟಿನ ನಲವತ್ತೆರಡು ಮಂದಿ

ಗಂಟು ಬಿಚ್ಚದೆ ಸಹಿ ಹಾಕಬಾರದು. ಎಣಿಸದೆ ಒಪ್ಪಿಕೊಳ್ಳಬಾರದು. ಎಣಿಸಿದ ಮೇಲೂ ಒಮ್ಮೆ ಕೊಡವಿ ನೋಡಬೇಕು.

ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದು ಆ ಹೆಂಗಸು ಕಲಿತದ್ದು ಇಷ್ಟು. ಇದನ್ನೂ ಯಾರೂ ಹೇಳಿಕೊಟ್ಟದ್ದಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ವಾರ್ಡಿನಿಂದ ಬಂದ ಒಂದು ಗಂಟಿಗೆ ನೇರವಾಗಿ ಕೈ ಹಾಕಿದ್ದಳು. ರಕ್ತ ಒಣಗಿದ ಬೆಡ್‌ಶೀಟಿನ ಮಡಿಕೆಯಲ್ಲಿ ಸೂಜಿಯಿತ್ತು. ಅಂಗೈಯಲ್ಲಿ ಹೊಕ್ಕು ಬೆರಳುಗಳ ಸಂದಿಯಲ್ಲಿ ತುದಿ ತೋರಿಸಿತು. ಹದಿನೆಂಟು ದಿನ ಕೈ ಊದಿಕೊಂಡಿತ್ತು. ಹದಿನೆಂಟು ದಿನವೂ ಗೈರುಹಾಜರಿ ಎಂದು ಬರೆದರು. ಸೂಜಿ ಯಾವ ವಾರ್ಡಿನದು ಎಂದು ಅವಳು ಕೇಳಿದಳು. "ಗಂಟು ತಗೊಳ್ಳುವಾಗ ನೋಡ್ಕೋಬೇಕಿತ್ತು" ಎಂಬ ಉತ್ತರ ಬಂತು.

ಅಂದಿನಿಂದ ನೋಡಿಕೊಂಡಳು. ಗಂಟಿಗೆ ಇಪ್ಪತ್ತು ಶೀಟು. ಹತ್ತೊಂಬತ್ತಿದ್ದರೆ ತಂದವನನ್ನು ಅಲ್ಲಿಯೇ ನಿಲ್ಲಿಸಿದಳು. ಅವನು ಬೈದರೂ ಕದಲಲಿಲ್ಲ. ಇಪ್ಪತ್ತೊಂದಿದ್ದರೆ ಇನ್ನೂ ಹೆಚ್ಚು ಹೊತ್ತು ನಿಲ್ಲಿಸಿದಳು. ಕಡಿಮೆಗಿಂತ ಹೆಚ್ಚಿನ ಮೇಲೆ ಅವಳಿಗೆ ಅನುಮಾನ ಜಾಸ್ತಿ. ಅಕ್ಷರ ಅವಳಿಗೆ ಬಾರದು. ಅಂಕಿ ಬರುತ್ತಿತ್ತು. ಕುದಿಯುವ ಹಂಡೆಯ ಕೆಲಸ ಮುಗಿದ ಮೇಲೆ ಶೀಟುಗಳ ಮೂಲೆಗೆ ವಾರ್ಡಿನ ಸಂಖ್ಯೆ ಬರೆಯುವ ಕೆಲಸವನ್ನೂ ಅವಳಿಗೇ ಒಪ್ಪಿಸಿದ್ದರು. ಸೋಡಾ, ಬ್ಲೀಚಿಂಗ್ ಪುಡಿ, ಹಬೆ, ಯಾವುದಕ್ಕೂ ಬಿಡದ ಕಪ್ಪು ಮಸಿ ಅದು. ಲಾಂಡ್ರಿಯವರು ಗೇಲಿಗೆ ಎಣಿಕೆಯಮ್ಮ ಎಂದರು. ಹೆತ್ತವರು ಇಟ್ಟ ಹೆಸರನ್ನು ಆ ಹೆಸರು ನುಂಗಿಹಾಕಿತು.

ಆದ್ದರಿಂದ, ಮೇಸ್ತ್ರಿ ಒಂದು ಕಟ್ಟು ಫಾರಂ ಹಿಡಿದು ಬಾಗಿಲಿಗೆ ಬಂದು "ಹೆಬ್ಬೆಟ್ಟು ಒತ್ತಿ" ಎಂದಾಗ, ಅವಳ ಬಲಗೈ ತಾನಾಗಿಯೇ ಬೆನ್ನ ಹಿಂದೆ ಸರಿಯಿತು. ಮೇಸ್ತ್ರಿ ಯಾಕೆ ಬಂದ ಎಂಬುದಕ್ಕೆ ಸ್ವಲ್ಪ ಹಿಂದಿನದು ಹೇಳಬೇಕು.

ಆಸ್ಪತ್ರೆಗೆ ಎರಡು ಗೇಟು. ಮುಂದಿನ ಗೇಟಿನಲ್ಲಿ ವೈದ್ಯರು, ರೋಗಿಗಳು, ಹಣ್ಣು ಹಿಡಿದ ನೆಂಟರು. ಹಿಂದಿನ ಗೇಟಿನಲ್ಲಿ ಹೆಣ, ಕಸ, ಕೊಳೆಬಟ್ಟೆ ಮತ್ತು ಲಾಂಡ್ರಿಯವರು. ಈ ನಾಲ್ಕಕ್ಕೂ ಒಂದೇ ದಾರಿ. ಹಾಗೆಂದು ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಲಾಂಡ್ರಿಯ ಬೆನ್ನಿಗೆ ಅಂಟಿಕೊಂಡು ಕೆಲಸದವರ ವಸತಿ ಇತ್ತು. ಆ ಮನೆಗಳಿಗೆ ಸಂಖ್ಯೆ ಇರಲಿಲ್ಲ. ಕಾಗದ ಬಂದರೆ ಹಿಂದಿನ ಗೇಟಿನ ಕಾವಲುಗಾರ ಕೂಗಿ ಹಂಚುತ್ತಿದ್ದ. ಯಾರು ಕೇಳಿದರೂ, ಎಲ್ಲಿ ಬರೆಯಬೇಕಾದರೂ, ಅವರ ವಿಳಾಸ ಒಂದೇ: ಹಿಂದಿನ ಗೇಟು.

ಹನ್ನೊಂದು ತಿಂಗಳ ಹಿಂದೆ ಆ ವಸತಿಯನ್ನು ಕೆಡವಿದರು. ಆಸ್ಪತ್ರೆ ದೊಡ್ಡದಾಗಬೇಕು ಎಂದರು. ಆರು ತಿಂಗಳು ತಗಡಿನ ಶೆಡ್ಡಿನಲ್ಲಿರಿ, ಆಮೇಲೆ ಇದೇ ಜಾಗದ ಹೊಸ ಕಟ್ಟಡದಲ್ಲಿ ಮನೆ ಕೊಡುತ್ತೇವೆ ಎಂದರು. ಹಾಗೆ ಬರೆದ ಚೀಟಿಯನ್ನೂ ಕೊಟ್ಟರು. ಎಣಿಕೆಯಮ್ಮ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಗಡಿನ ಸಂದಿಯಲ್ಲಿ ಸಿಕ್ಕಿಸಿಟ್ಟಳು. ಶೆಡ್ಡುಗಳು ದೊಡ್ಡ ಮೋರಿಯ ಆಚೆ ದಡದಲ್ಲಿದ್ದವು. ಮೂವತ್ತಾರು ಶೆಡ್ಡು. ಅವುಗಳಲ್ಲಿ ನಿವೃತ್ತರು ನಲವತ್ತೆರಡು ಮಂದಿ. ಶೆಡ್ಡುಗಳಿಗೂ ಸಂಖ್ಯೆ ಹಾಕಲಿಲ್ಲ. ಈ ಸಲ ಅದು ಮರೆವಲ್ಲ. ಸಂಖ್ಯೆ ಹಾಕಿದರೆ ಅಲ್ಲಿ ಜನರಿದ್ದಾರೆ ಎಂದು ಒಪ್ಪಿದಂತಾಗುತ್ತಿತ್ತು.

ಸಾಮಾನು ಸಾಗಿಸಿದ ದಿನ ಪಿಂಚಣಿ ಕಚೇರಿಯವನೊಬ್ಬ ಬಂದು ಹೊಸ ವಿಳಾಸ ಕೇಳಿದ. ನಲವತ್ತೆರಡು ಮಂದಿಯೂ ಒಬ್ಬರಾದ ಮೇಲೊಬ್ಬರು ಹೇಳಿದರು: ಹಿಂದಿನ ಗೇಟು. ಅವರಿಗೆ ಗೊತ್ತಿದ್ದ ವಿಳಾಸ ಅದೊಂದೇ. ಅವನು ಬರೆದುಕೊಂಡು ಹೋದ. ತಪ್ಪು ಅವರದೇ. ಆದರೆ ಅಂಥ ತಪ್ಪು ಮಾಡಬೇಕಾದರೆ ಮೂವತ್ತು ವರ್ಷ ಹಿಂದಿನ ಗೇಟಿನಲ್ಲಿಯೇ ನಡೆದಿರಬೇಕು.

ಹತ್ತು ತಿಂಗಳ ಮೇಲೆ ಕಚೇರಿಯ ಕಂಪ್ಯೂಟರ್ ಅದನ್ನು ಹಿಡಿಯಿತು. ಒಂದು ಗೇಟಿನಲ್ಲಿ ನಲವತ್ತೆರಡು ಮಂದಿ ವಾಸವಿರಲು ಸಾಧ್ಯವಿಲ್ಲ. ಆದ್ದರಿಂದ ಈ ನಲವತ್ತೆರಡು ಮಂದಿ ಇದ್ದಾರೆಂಬುದೇ ಸಂಶಯಾಸ್ಪದ. ಮೂವತ್ತು ದಿನದೊಳಗೆ ವಿಳಾಸ ಸರಿಪಡಿಸತಕ್ಕದ್ದು. ತಪ್ಪಿದಲ್ಲಿ ಪಿಂಚಣಿಯೂ ಆರೋಗ್ಯ ಕಾರ್ಡೂ ರದ್ದು. ಅಲ್ಲಿಯವರೆಗೆ ಎರಡಕ್ಕೂ ತಡೆ. ಹೀಗೆಂದು ನೋಟಿಸು ಹೊರಟಿತು. ಅದೂ ಹಿಂದಿನ ಗೇಟಿಗೇ ಹೋಯಿತು. ಅಷ್ಟರಲ್ಲಿ ಆ ಗೇಟಿಗೆ ಗೋಡೆ ಕಟ್ಟಿದ್ದರು. ಕಾಗದಗಳು ಕಂಟ್ರಾಕ್ಟರನ ಸಿಮೆಂಟು ಮೂಟೆಗಳ ಮೇಲೆ ಬಿದ್ದಿದ್ದು, ಜನರ ಕೈಗೆ ಸಿಗುವಾಗ ಇಪ್ಪತ್ತೊಂದು ದಿನ ಕಳೆದಿತ್ತು. ಉಳಿದದ್ದು ಒಂಬತ್ತು.

"ನಾನು ಇದ್ದೀನೋ ಇಲ್ವೋ ಅಂತ ಅವರಿಗೆ ಅನುಮಾನವಂತೆ" ಎಂದು ಅಕ್ಕ ನಕ್ಕಳು. "ಬೆಳಿಗ್ಗೆ ಎದ್ದಾಗ ನನಗೂ ಅದೇ ಅನುಮಾನ ಕಣೇ."

ಅಕ್ಕ ಎಂದರೆ ಎಣಿಕೆಯಮ್ಮನ ಒಡಹುಟ್ಟಿದವಳು, ಐದು ವರ್ಷ ದೊಡ್ಡವಳು, ಇಬ್ಬರೂ ಒಂದೇ ಶೆಡ್ಡಿನಲ್ಲಿ. ಇಪ್ಪತ್ತಾರು ವರ್ಷ ಬ್ಲೀಚಿಂಗ್ ತೊಟ್ಟಿಯ ಮೇಲೆ ಬಗ್ಗಿ ದುಡಿದವಳು. ಶೀಟುಗಳು ಬೆಳ್ಳಗಾದವು. ಇವಳ ಎದೆ ಹಾಳಾಯಿತು. ಈಗ ಉಸಿರಿನ ಜೊತೆ ಒಂದು ಸೀಟಿಯೂ ಬರುತ್ತದೆ. ಬೆಳಿಗ್ಗೆ ಎರಡು, ಸಂಜೆ ಎರಡು, ದಿನಕ್ಕೆ ನಾಲ್ಕು ಸಲ ಔಷಧದ ಪಂಪು ಒತ್ತಿ ಎಳೆದುಕೊಳ್ಳಬೇಕು. ಆ ಪಂಪು ಕಾರ್ಡಿಗೆ ಸಿಗುತ್ತಿತ್ತು. ನೋಟಿಸು ಬಂದ ದಿನ ಎಣಿಕೆಯಮ್ಮ ಆಸ್ಪತ್ರೆಯ ಔಷಧದ ಕಿಂಡಿಗೆ ಓಡಿದಳು. ಒಳಗಿನವನು ಕಾರ್ಡು ಉಜ್ಜಿ, ವಾಪಸು ಎಸೆದು, "ಲಾಕ್ ಆಗಿದೆ. ಮುಂದಿನವರು" ಎಂದ.

ಪಂಪಿನ ಬೆನ್ನಿಗೆ ಒಂದು ಸಣ್ಣ ಕಿಟಕಿ. ಇನ್ನೆಷ್ಟು ಸಲ ಒತ್ತಬಹುದು ಎಂಬ ಸಂಖ್ಯೆ ಅದರಲ್ಲಿ ಕಾಣುತ್ತದೆ. ಅಂದು ಮೂವತ್ತಾರು ಇತ್ತು. ನಾಲ್ಕರಿಂದ ಭಾಗಿಸಿದರೆ ಒಂಬತ್ತು. ನೋಟಿಸಿಗೂ ಒಂಬತ್ತು ದಿನ, ಅಕ್ಕನಿಗೂ ಒಂಬತ್ತು ದಿನ. ಎಣಿಕೆಯಮ್ಮ ಎರಡು ಸಲ ಲೆಕ್ಕ ಹಾಕಿದಳು. ಉತ್ತರ ಬದಲಾಗಲಿಲ್ಲ.

ಏಳು ದಿನ ಉಳಿದಿದ್ದಾಗ ಮೇಸ್ತ್ರಿ ಬಂದ.

ಅವನೇನೂ ಹೊರಗಿನವನಲ್ಲ. ಲಾಂಡ್ರಿಯಲ್ಲಿ ಗಂಟು ಹೊರುತ್ತಿದ್ದವನು ಮೇಸ್ತ್ರಿಯಾಗಿ ನಿವೃತ್ತನಾಗಿದ್ದ. ನಲವತ್ತೆರಡರಲ್ಲಿ ಅವನೂ ಒಬ್ಬ. ಸಾಲಿನ ಕೊನೆಯ ಶೆಡ್ಡು ಅವನದು.

"ಎಣಿಕೆಯಮ್ಮ, ನಿಮ್ಮ ಅದೃಷ್ಟ! ಆಫೀಸೇ ನಿಮ್ಮ ಬಾಗಿಲಿಗೆ ಬಂದಿದೆ."

"ಹೋದ ಸಲ ಬಂದಾಗ ಬುಲ್ಡೋಜರ್ ಜೊತೆ ಬಂದಿತ್ತಪ್ಪ. ಈ ಸಲ ನಿನ್ನ ಜೊತೆ ಬಂದಿದೆಯಾ?"

"ಬಿಡ್ತು ಅನ್ನಿ. ಇದು ವಿಳಾಸ ಬದಲಾವಣೆ ಫಾರಂ. ಎಲ್ಲ ನಾನೇ ತುಂಬಿದ್ದೀನಿ. ನೀವು ಹೆಬ್ಬೆಟ್ಟು ಒತ್ತಿದರೆ ಸಾಕು. ಸಂಜೆಗೆಲ್ಲ ಕಾರ್ಡು ಓಪನ್."

"ಏನು ತುಂಬಿದ್ದೀಯ?"

"ವಿಳಾಸ."

"ಯಾವ ವಿಳಾಸ? ಶೆಡ್ಡಿಗೆ ನಂಬರೇ ಇಲ್ವಲ್ಲ."

"ಅದನ್ನೆಲ್ಲ ಆಫೀಸಿನವರು ನೋಡ್ಕೋತಾರೆ ಬಿಡಿ."

"ಅವರು ನೋಡ್ಕೊಂಡಿದ್ದಕ್ಕೇ ನಾವು ಮೋರಿ ದಡಕ್ಕೆ ಬಂದು ಕೂತಿರೋದು."

ಒಳಗೆ ಅಕ್ಕ ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮೇಸ್ತ್ರಿ ಅದು ನಿಲ್ಲುವವರೆಗೂ ಕಾದ. ಆಮೇಲೆ ದನಿ ತಗ್ಗಿಸಿ, "ಅಕ್ಕನ ಮುಖ ನೋಡಿ ಎಣಿಕೆಯಮ್ಮ. ಈಗ ಅನುಮಾನ ಪಡೋ ಹೊತ್ತಲ್ಲ" ಎಂದ.

ಇಷ್ಟು ಬೆಣ್ಣೆ ಹಚ್ಚಿ ಅವನು ಎಂದೂ ಮಾತಾಡಿದವನಲ್ಲ. ಎಣಿಕೆಯಮ್ಮ ಅವನ ಮುಖವನ್ನೂ ಕೈಯಲ್ಲಿದ್ದ ಕಟ್ಟನ್ನೂ ನೋಡಿದಳು. ಆದರೂ ಅಕ್ಕನ ಸೀಟಿ ಕಿವಿಯಲ್ಲಿತ್ತು. ಬೆನ್ನ ಹಿಂದಿನ ಕೈ ಮುಂದೆ ಬಂತು. ಅವನು ಚೀಲದಿಂದ ಹೆಬ್ಬೆಟ್ಟು ಓದುವ ಸಣ್ಣ ಮೆಷಿನ್ನು ತೆಗೆದ. ಅವಳು ಒತ್ತಿದಳು. ಕೆಂಪು ದೀಪ. ಒರೆಸಿ ಒತ್ತಿದಳು. ಕೆಂಪು. ಎಡಗೈ. ಅದೂ ಕೆಂಪು. ಮೇಸ್ತ್ರಿ ಬೆರಳನ್ನು ಬೆಳಕಿಗೆ ತಿರುಗಿಸಿದ. ಹೆಬ್ಬೆರಳ ತುದಿ ಗಾಜಿನಂತೆ ನುಣ್ಣಗಿತ್ತು. ಒಂದು ಗೆರೆಯೂ ಇರಲಿಲ್ಲ. ಕುದಿಯುವ ಸೋಡಾ ನೀರು ಎಲ್ಲವನ್ನೂ ತಿಂದಿತ್ತು. ಅಕ್ಕನದೂ ಹಾಗೆಯೇ.

"ಇದೇನಿದು? ಹದಿನೇಳು ಮಂದಿದು ಆಯ್ತು, ಯಾರದ್ದೂ ಹೀಗಾಗಲಿಲ್ಲ."

"ಅವರು ಮಡಿಚೋ ಕಡೆ ಇದ್ದವರು. ನಾವು ಕುದಿಸೋ ಕಡೆ."

ಮೇಸ್ತ್ರಿ ತಲೆ ಕೆರೆದುಕೊಂಡ. ಬೇರೆ ದಾರಿ ಇರಲಿಲ್ಲ. ಇಬ್ಬರ ಫಾರಮ್ಮುಗಳನ್ನೂ ಕೈಗೆ ಕೊಟ್ಟು, "ನಾಳೆ ನೀವೇ ಹೋಗಿ. ನಾಲ್ಕನೇ ಕೌಂಟರು. ಅಲ್ಲಿ ಮಸಿಯಲ್ಲಿ ಒತ್ತಿಸ್ಕೋತಾರೆ. ದಾರಿಯಲ್ಲಿ ಯಾರಿಗೂ ತೋರಿಸಬೇಡಿ. ಕೈಯಿಂದ ಕೈಗೆ ಹೋದರೆ ಕಾಗದ ಕೊಳೆಯಾಗುತ್ತೆ" ಎಂದ.

ಎಣಿಕೆಯಮ್ಮ ಮೂವತ್ತೊಂದು ವರ್ಷ ಕೊಳೆಯ ಜೊತೆ ಬಾಳಿದವಳು. ತೋರಿಸಿದ್ದಕ್ಕೆ ಕೊಳೆಯಾಗುವ ವಸ್ತುವನ್ನು ಅವಳು ಕಂಡಿರಲಿಲ್ಲ.

ಅವನು ಹೋದ ಮೇಲೆ ಫಾರಮ್ಮನ್ನು ಬಾಗಿಲ ಬೆಳಕಿಗೆ ಹಿಡಿದಳು. ಓದಲು ಬಾರದು. ಆದರೆ ಕೈಗೆ ಬಂದದ್ದನ್ನು ಎಣಿಸದೆ ಕೆಳಗಿಡುವ ಅಭ್ಯಾಸವೂ ಇಲ್ಲ. ಪ್ರತಿ ಸಾಲಿನ ಎಡಕ್ಕೆ ಒಂದು ಅಂಕಿ ಇತ್ತು. ಒಂದರಿಂದ ಹದಿನೈದು.

ಮರುದಿನ ಕಚೇರಿಯ ಮುಂಬಾಗಿಲಲ್ಲಿ ಕಾವಲುಗಾರ ಅವಳ ಕೈ ನೋಡಿದ. ಉಗುರು ಸವೆದು, ಚರ್ಮ ತೇಪೆ ತೇಪೆಯಾಗಿ ಬಿಳಿಚಿದ ಕೈ.

"ಲಾಂಡ್ರಿಯವರಾ? ಪಕ್ಕದ ಬಾಗಿಲಲ್ಲಿ ಬನ್ನಿ. ಇದು ಪಬ್ಲಿಕ್‌ಗೆ."

"ನಾನು ಯಾರು ಹಾಗಾದ್ರೆ?"

"ಪಕ್ಕದ ಬಾಗಿಲು ಅಂದ್ನಲ್ಲಮ್ಮ."

ಪಕ್ಕದ ಬಾಗಿಲು ಕಕ್ಕಸಿನ ಓಣಿಯಿಂದ ಹಾದು ಅದೇ ಹಜಾರಕ್ಕೆ ತಲಪುತ್ತಿತ್ತು. ಒಳಗೆ ಬೆಂಚಿನ ಮೇಲೆ ಬಿಳಿಗೂದಲಿನ ಹೆಂಗಸೊಬ್ಬರು ಕೂತಿದ್ದರು. ಎಣಿಕೆಯಮ್ಮ ಗುರುತು ಹಿಡಿದಳು. ಏಳನೆಯ ವಾರ್ಡಿನ ನರ್ಸು. ಎಲ್ಲರೂ ಸಿಸ್ಟರಮ್ಮ ಎನ್ನುತ್ತಿದ್ದರು. ಅವರೂ ಗುರುತು ಹಿಡಿದರು.

"ನೀನು ಎಣಿಸೋಳಲ್ವಾ? ನನ್ನ ವಾರ್ಡಿನ ಹುಡುಗರನ್ನೆಲ್ಲ ಗಂಟೆಗಟ್ಟಲೆ ನಿಲ್ಲಿಸ್ತಿದ್ದೆ!"

"ಶೀಟು ಸರಿಯಿದ್ರೆ ಯಾಕೆ ನಿಲ್ಲಿಸ್ತಿದ್ದೆ ಸಿಸ್ಟರಮ್ಮ?"

ಅವರು ನಕ್ಕು ಬೆಂಚಿನಲ್ಲಿ ಜಾಗ ಬಿಟ್ಟರು. ಈಗ ಮಗಳ ಮನೆಯಲ್ಲಿದ್ದೇನೆ, ವಿಳಾಸ ಬದಲಾಯಿಸಬೇಕು ಎಂದರು. ಅವರ ಮೊಣಕಾಲಿನ ಮೇಲೆ ಫಾರಂ ಇತ್ತು. ಅದೇ ಬಣ್ಣ, ಅದೇ ಮುದ್ರೆ, ಎಡಕ್ಕೆ ಅದೇ ಅಂಕಿಗಳು. ಎಣಿಕೆಯಮ್ಮನ ಕಣ್ಣು ತಾನಾಗಿಯೇ ಮೇಲಿನಿಂದ ಕೆಳಗಿಳಿಯಿತು. ಹದಿನಾಲ್ಕು. ಅದರ ಕೆಳಗೆ ಸಹಿಯ ಜಾಗ. ಮತ್ತೊಮ್ಮೆ ಎಣಿಸಿದಳು. ಹದಿನಾಲ್ಕು.

ತನ್ನದನ್ನು ತೆಗೆದಳು. ಹದಿನೈದು.

ಒಂದು ಹೆಚ್ಚಿತ್ತು.

ಅಂಗೈಯ ಹಳೆಯ ಗಾಯ ಚುರ್ ಎಂದಿತು. ಮೇಸ್ತ್ರಿ ಯಾರಿಗೂ ತೋರಿಸಬೇಡ ಎಂದಿದ್ದ. ಈಕೆಯನ್ನು ನಂಬಬಹುದೆಂಬುದಕ್ಕೂ ಏನು ಆಧಾರ? ಎಣಿಸದೆ ಗಂಟು ಕಳಿಸುತ್ತಿದ್ದ ವಾರ್ಡು ಇವರದೇ. ಆದರೆ ಓದಬಲ್ಲವರು ಪಕ್ಕದಲ್ಲಿ ಬೇರೆ ಯಾರೂ ಇರಲಿಲ್ಲ.

"ಸಿಸ್ಟರಮ್ಮ, ಈ ಕೊನೆಯದು ಏನು ಹೇಳುತ್ತೆ? ಸೇರಿಸಬೇಡಿ, ಬಿಡಬೇಡಿ. ಇದ್ದ ಹಾಗೆ ಓದಿ."

ಸಿಸ್ಟರಮ್ಮ ಕನ್ನಡಕ ಏರಿಸಿದರು. ಮೊದಲು ಮನಸ್ಸಿನಲ್ಲಿ ಓದಿದರು. ಅವರ ಮುಖ ಬದಲಾಯಿತು. ಆಮೇಲೆ ದನಿ ತಗ್ಗಿಸಿ ಓದಿದರು:

"'ಹದಿನೈದು. ಆಸ್ಪತ್ರೆಯ ಆವರಣದಲ್ಲಿ ನಾನು ವಾಸವಿದ್ದ ವಸತಿಯನ್ನು ಸ್ವಇಚ್ಛೆಯಿಂದ ತೆರವು ಮಾಡಿರುತ್ತೇನೆ. ಬದಲಿ ವಸತಿಯ ಮೇಲೆ ನನಗೆ ಯಾವುದೇ ಹಕ್ಕು ಇರುವುದಿಲ್ಲ.' ನನ್ನದರಲ್ಲಿ ಇದು ಇಲ್ವಲ್ಲ!"

ಎಣಿಕೆಯಮ್ಮ ಎದ್ದಳು. ನಾಲ್ಕನೆಯ ಕೌಂಟರಿನ ಸರದಿಯಲ್ಲಿ ಒಂದು ಗಂಟೆ ನಿಂತಳು. ಅಲ್ಲಿನ ಗುಮಾಸ್ತ ಅವಳ ಫಾರಮ್ಮನ್ನು ಕೈಯಿಂದ ಮುಟ್ಟಲಿಲ್ಲ. ರೂಲುಕಡ್ಡಿಯಿಂದ ಎಳೆದುಕೊಂಡ. ಮಸಿಯ ಡಬ್ಬಿಯನ್ನು ಅದೇ ಕಡ್ಡಿಯಿಂದ ಮುಂದೆ ತಳ್ಳಿದ.

"ಒತ್ತು."

"ಹದಿನಾಲ್ಕು ಸಾಲಿಂದು ಕೊಡಿ ಸಾರ್."

"ಏನದು?"

"ಎಲ್ಲರಿಗೂ ಹದಿನಾಲ್ಕು ಸಾಲು. ನಮಗೆ ಹದಿನೈದು. ಹೆಚ್ಚಿನದು ನಮಗೆ ಬೇಡ."

ಗುಮಾಸ್ತ ಮೊದಲ ಸಲ ತಲೆಯೆತ್ತಿದ. "ಓದೋಕೆ ಬರುತ್ತಾ ನಿನಗೆ?"

"ಎಣಿಸೋಕೆ ಬರುತ್ತೆ."

"ನಿಮ್ಮದು ಶೆಡ್ಡಿನ ಕೇಸು. ನಿಮಗೆ ಇದೇ ಫಾರಂ. ಒತ್ತೋದಾದ್ರೆ ಒತ್ತು, ಇಲ್ಲಾಂದ್ರೆ ಜಾಗ ಬಿಡು."

"ನಾನು ಇಷ್ಟಪಟ್ಟು ಮನೆ ಬಿಟ್ಟಿಲ್ಲ ಸಾರ್. ಪಾತ್ರೆ ಎತ್ಕೊಳ್ಳೋಕೂ ಬಿಡದೆ ಗೋಡೆ ಬೀಳಿಸಿದರು. ಇಷ್ಟಪಟ್ಟು ಬಿಟ್ಟೆ ಅಂತ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ?"

ಗುಮಾಸ್ತ ಜೊತೆಗಿದ್ದ ಅವಳ ಅಕ್ಕನ ಫಾರಮ್ಮನ್ನೂ ಕಡ್ಡಿಯಿಂದ ತಿರುಗಿಸಿ ನೋಡಿದ. ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಆಮೇಲೆ ಸಮಾಧಾನದಿಂದ ಹೇಳಿದ. "ನಿಮ್ಮಕ್ಕನಿಗೆ ಉಸಿರಿನ ಕಾಯಿಲೆ. ಪಂಪು ಬೇಕು. ಇಲ್ಲಿದೆ ನೋಡು, ಬರೆದಿದೆ. ಈಗ ಒತ್ತಿದ್ರೆ ಸಂಜೆ ಪಂಪು. ಒತ್ತದಿದ್ರೆ ಇನ್ನು ಆರು ದಿನಕ್ಕೆ ನಿಮ್ಮಕ್ಕ ಈ ಲಿಸ್ಟಲ್ಲೇ ಇರಲ್ಲ. ಯೋಚನೆ ಮಾಡು. ಉಸಿರು ಮುಖ್ಯವೋ ಮನೆ ಮುಖ್ಯವೋ?"

ಎಣಿಕೆಯಮ್ಮ ಮಸಿಯ ಡಬ್ಬಿ ನೋಡಿದಳು. ಬಹಳ ಹೊತ್ತು ನೋಡಿದಳು. ಬೆರಳು ಎರಡು ಅಂಗುಲ ದೂರದಲ್ಲಿತ್ತು. ಅಕ್ಕನ ಸೀಟಿ ಇಲ್ಲಿಗೂ ಕೇಳುತ್ತಿದೆ ಅನ್ನಿಸಿತು. ಹಿಂದಿನವರು ಗೊಣಗಿದರು. ಒಂದು ಒತ್ತು, ಒಂದು ಕ್ಷಣ, ಸಂಜೆಗೆ ಪಂಪು. ಅದರ ಜೊತೆಗೆ ಹದಿನೈದನೆಯ ಸಾಲು. ಮಡಿಕೆಯೊಳಗೆ ಸೂಜಿ.

ಫಾರಂ ಎರಡನ್ನೂ ಕಡ್ಡಿಯ ಕೆಳಗಿನಿಂದ ಎಳೆದುಕೊಂಡಳು.

"ಒತ್ತಲ್ಲ."

"ನಾಳೆ ಅಳ್ತಾ ಬರ್ತೀಯ."

"ಬರ್ತೀನಿ. ಅಳ್ತಾ ಅಲ್ಲ."

ಅವಳು ತಿರುಗುವಾಗ ಗುಮಾಸ್ತ ಅವಳು ಕೈಯಿಟ್ಟಿದ್ದ ಜಾಗಕ್ಕೆ ಔಷಧ ಸಿಂಪಡಿಸಿ ಒರೆಸಿದ.

ಹೊರಗೆ ಮೆಟ್ಟಿಲ ಬಳಿ ಸಿಸ್ಟರಮ್ಮ ಕಾಯುತ್ತಿದ್ದರು. ಕೈಯಲ್ಲಿ ಒಂದು ಖಾಲಿ ಫಾರಂ. ಒಂದನೆಯ ಕೌಂಟರಿನಲ್ಲಿ ಕೇಳಿದವರಿಗೆಲ್ಲ ಕೊಡುತ್ತಾರೆ ಎಂದರು. ಲಾಂಡ್ರಿಯವರನ್ನು ಪಕ್ಕದ ಬಾಗಿಲಿನಿಂದ ನೇರವಾಗಿ ನಾಲ್ಕಕ್ಕೆ ಕಳಿಸುತ್ತಿದ್ದುದರಿಂದ ಅವರಾರೂ ಒಂದನೆಯ ಕೌಂಟರನ್ನು ನೋಡಿರಲಿಲ್ಲ.

"ಇದರ ಹದಿನಾಲ್ಕನೇ ಸಾಲು ಕೇಳು. 'ಅರ್ಜಿ ಸ್ವೀಕರಿಸಿ ಮುದ್ರೆ ಹಾಕಿದ ದಿನದಿಂದ ಪರಿಶೀಲನೆ ಮುಗಿಯುವವರೆಗೆ ಪಿಂಚಣಿಯನ್ನಾಗಲಿ ಆರೋಗ್ಯ ಕಾರ್ಡನ್ನಾಗಲಿ ತಡೆಹಿಡಿಯತಕ್ಕದ್ದಲ್ಲ.' ಅಂದ್ರೆ ಸೀಲು ಬಿದ್ರೆ ಸಾಕು, ಕಾರ್ಡು ತೆರೀಲೇಬೇಕು. ಜೆರಾಕ್ಸ್ ಮಾಡಿಸು. ಬರೆಯೋಕೆ ನಾನು ಬರ್ತೀನಿ."

"ನೀವ್ಯಾಕೆ ಬರ್ತೀರಿ?"

ಸಿಸ್ಟರಮ್ಮ ಅವಳ ಅಂಗೈಯ ಗಾಯದ ಗುರುತು ನೋಡುತ್ತಿದ್ದರು. "ಆ ಸೂಜಿ ನನ್ನ ವಾರ್ಡಿಂದೇ ಬಂದಿತ್ತು. ನನಗೆ ಗೊತ್ತಿತ್ತು. ಆಗ ಹೇಳಲಿಲ್ಲ."

ಎಣಿಕೆಯಮ್ಮ ಕ್ಷಮಿಸಿದೆ ಎನ್ನಲಿಲ್ಲ. "ಬೆಳಿಗ್ಗೆ ಬೇಗ ಬನ್ನಿ" ಎಂದಳು.

ಶೆಡ್ಡಿಗೆ ಬಂದಾಗ ಸಂಜೆಯಾಗಿತ್ತು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ತುಟಿ ನೀಲಿ ತಿರುಗಿತ್ತು. ಎಣಿಕೆಯಮ್ಮ ಮೊದಲು ಪಂಪು ತೆಗೆದು ಕಿಟಕಿ ನೋಡಿದಳು. ಬೆಳಗಿನ ಎರಡು ಕಳೆದು ಇಪ್ಪತ್ತೆರಡು ಇರಬೇಕಿತ್ತು. ಇಪ್ಪತ್ತೇಳು ಇತ್ತು.

"ಐದು ಹೆಚ್ಚಿದೆ."

"ಮೆಷಿನ್ನು ತಪ್ಪಿರಬೇಕು ಕಣೇ ಹುಡುಗಿ." ಅರವತ್ತೆಂಟು ವರ್ಷದ ತಂಗಿ ಅವಳಿಗೆ ಇನ್ನೂ ಹುಡುಗಿಯೇ.

"ಮೆಷಿನ್ನು ತಪ್ಪಲ್ಲ. ನೀನು ಕದ್ದಿದ್ದೀಯ. ನಿನ್ನ ಉಸಿರನ್ನ ನೀನೇ ಕದ್ದು ಉಳಿಸಿದ್ದೀಯ."

"ಐದು ಒತ್ತು ಉಳಿದ್ರೆ ಒಂದು ದಿನ ಜಾಸ್ತಿ ಬರುತ್ತೆ ಅಂತ..."

"ಬಾಯಿ ತೆಗಿ."

ಎರಡು ಸಲ ಒತ್ತಿ ಕುಡಿಸಿದ ಮೇಲೆ ಎಣಿಕೆಯಮ್ಮ ಹಜಾರದಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಒತ್ತಿದ್ದರೆ ಸಂಜೆಗೆ ಪಂಪು ಬರುತ್ತಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ. ಹೇಳಿ ತಲೆ ತಗ್ಗಿಸಿದಳು. ಅಕ್ಕ ಉಸಿರು ಕೂಡಿಸಿಕೊಂಡು ಮಾತಾಡಿದಳು.

"ಒತ್ತಿ ಬಂದಿದ್ರೆ ಆ ಪಂಪನ್ನ ಮೋರಿಗೆ ಎಸೀತಿದ್ದೆ. ಇಪ್ಪತ್ತಾರು ವರ್ಷ ಅವರ ಬಟ್ಟೆ ಬೆಳ್ಳಗೆ ಮಾಡಿ ಎದೆ ಕಳ್ಕೊಂಡೆ. ಇನ್ನು ಮನೆಯನ್ನೂ ನಾನೇ ಇಷ್ಟಪಟ್ಟು ಬಿಟ್ಟೆ ಅನ್ನಬೇಕಾ? ನಾಚಿಕೆಯಾಗಲ್ವಾ ಅವರಿಗೆ? ಹೋಗು, ಮೊದಲು ಆ ಮೇಸ್ತ್ರಿಯ ಚೀಲ ನೋಡು."

ಮಡಿಚುವ ಕಡೆಯ ಆರು ಹೆಂಗಸರನ್ನು ಕರೆದುಕೊಂಡು ಎಣಿಕೆಯಮ್ಮ ಕೊನೆಯ ಶೆಡ್ಡಿಗೆ ಹೋದಳು. ಮೇಸ್ತ್ರಿ ಊಟಕ್ಕೆ ಕೂತಿದ್ದ. ಅವನ ಹೆಂಡತಿ ದಾರಿ ಬಿಟ್ಟಳು. ಚೀಲ ಗೂಟದಲ್ಲಿ ತೂಗುತ್ತಿತ್ತು.

"ಏನಿದು, ಏನಿದು, ಮನೆಗೆ ನುಗ್ಗೋದು!"

"ಎಣಿಸಿ ವಾಪಸು ಕೊಡ್ತೀನಿ, ಕೂತ್ಕೋ."

ಎಣಿಸಿದಳು. ಹೆಬ್ಬೆಟ್ಟು ಬಿದ್ದ ಫಾರಂ ಹದಿನೇಳು. ಒಂದೊಂದರಲ್ಲೂ ಸಾಲು ಹದಿನೈದು. ಹೆಸರುಗಳನ್ನು ಅವನಿಂದಲೇ ಓದಿಸಿದಳು. ಅವನು ಓದಿದ. ಹದಿನೇಳು ಹೆಸರು ಮುಗಿದವು.

"ನಿನ್ನದೆಲ್ಲಿ ಮೇಸ್ತ್ರಿ?"

ಅವನು ತಟ್ಟೆ ನೋಡಿದ.

"ನಲವತ್ತೆರಡರಲ್ಲಿ ನೀನೂ ಒಬ್ಬ. ಎಲ್ಲರಿಗಿಂತ ಮೊದಲು ನೀನೇ ಒತ್ತಬೇಕಿತ್ತು, ಅಷ್ಟು ಒಳ್ಳೇ ಫಾರಮ್ಮಾಗಿದ್ರೆ."

ಅವನ ಹೆಂಡತಿಯೇ ಬಾಯಿಬಿಟ್ಟಳು. "ಉಳಿದವರದ್ದೆಲ್ಲ ತಂದುಕೊಟ್ರೆ ಹೊಸ ಕಟ್ಟಡದಲ್ಲಿ ಇವರೊಬ್ಬರಿಗೆ ಮನೆ ಅಂದಿದ್ರು."

"ಬಾಯಿಮಾತಿನಲ್ಲಿ ಅಂದರೋ, ಬರೆದುಕೊಟ್ಟರೋ?" ಎಂದು ಎಣಿಕೆಯಮ್ಮ ಕೇಳಿದಳು.

"ಬಾಯಿಮಾತಿನಲ್ಲಿ" ಎಂದ ಮೇಸ್ತ್ರಿ.

ಯಾರೋ ನಕ್ಕರು. ಅದು ಬೈಗುಳಕ್ಕಿಂತ ಕೆಟ್ಟದ್ದಾಗಿತ್ತು. ಹದಿನೇಳು ಫಾರಮ್ಮುಗಳನ್ನು ಅವನ ಬಾಗಿಲಲ್ಲೇ ಹರಿದು ಹಾಕಿದರು.

ಆಮೇಲೆ ಎರಡು ದಿನ ಕೆಲಸ. ಸಿಸ್ಟರಮ್ಮ ಮೋರಿಯ ಹಲಗೆ ದಾಟಿ ಬಂದರು. ಮೊದಲ ಸಲ ದಾಟುವಾಗ ಮೂಗಿಗೆ ಬಟ್ಟೆ ಹಿಡಿದಿದ್ದರು, ಎರಡನೆಯ ದಿನ ಹಿಡಿಯಲಿಲ್ಲ. ಬೋರಲು ಹಾಕಿದ ಬುಟ್ಟಿಯ ಮೇಲೆ ಕಾಗದವಿಟ್ಟು ಬರೆದರು. ಬರೆದು ಮುಗಿಸಿದ ಪ್ರತಿಯೊಂದನ್ನೂ ಎಣಿಕೆಯಮ್ಮ ತೆಗೆದುಕೊಂಡು ಸಾಲು ಎಣಿಸಿದಳು. "ನನ್ನ ಮೇಲೂ ಅನುಮಾನವಾ?" ಎಂದು ಅವರು ಕೇಳಿದರು. "ಹೌದು" ಎಂದಳು.

ವಿಳಾಸದ ಸಾಲಿಗೆ ಬಂದಾಗ ಲೇಖನಿ ನಿಂತಿತು. ಶೆಡ್ಡಿಗೆ ಸಂಖ್ಯೆ ಇಲ್ಲ. ಎಣಿಕೆಯಮ್ಮ ಹಾಸಿಗೆಯ ಕೆಳಗಿನಿಂದ ಒಂದು ಸೀಸೆ ತೆಗೆದಳು. ನಿವೃತ್ತಿಯ ದಿನ ಲಾಂಡ್ರಿಯಿಂದ ಅವಳು ತಂದದ್ದು ಅದೊಂದೇ. ಗುರುತಿನ ಮಸಿ. ಕಡ್ಡಿಗೆ ಬಟ್ಟೆ ಸುತ್ತಿ ಅದ್ದಿ, ಸಾಲಿನ ಮೊದಲ ಶೆಡ್ಡಿನ ತಗಡಿನ ಮೇಲೆ, ಬಾಗಿಲಿನ ಬಲಕ್ಕೆ, ಭುಜದ ಎತ್ತರಕ್ಕೆ, ಒಂದು ಎಂದು ಬರೆದಳು. ಮುಂದಿನದಕ್ಕೆ ಎರಡು. ಜನ ಹಿಂದೆ ಹಿಂದೆ ಬಂದರು. ಮೂವತ್ತಾರನೆಯದು ಮೇಸ್ತ್ರಿಯದು. ಅಲ್ಲಿಯೂ ಬರೆದಳು. ಅವನು ಹೊರಗೆ ಬಂದು ಒಂದು ಫಾರಂ ಚಾಚಿದ. ತಾನೇ ತುಂಬಿ ಸಹಿ ಹಾಕಿದ್ದ. ಅವಳು ಅಲ್ಲಿಯೇ ನಿಂತು ಸಾಲು ಎಣಿಸಿದಳು. ಹದಿನಾಲ್ಕು. ತೆಗೆದುಕೊಂಡಳು.

ಮೂರು ದಿನ ಉಳಿದಿತ್ತು. ರಾತ್ರಿಯ ಕೆಮ್ಮಿಗೆ ಅಕ್ಕ ಉಳಿಸಿದ್ದ ಐದು ಒತ್ತೂ, ಮೇಲೆ ಇನ್ನೊಂದೂ ಹೋಗಿ, ಪಂಪಿನಲ್ಲಿ ಹನ್ನೊಂದು.

ಬೆಳಿಗ್ಗೆ ನಲವತ್ತೆರಡು ಮಂದಿ ಹೊರಟರು. ಆಸ್ಪತ್ರೆಯ ಹಳೆಯ ಶೀಟೊಂದರಲ್ಲಿ ಫಾರಮ್ಮುಗಳನ್ನಿಟ್ಟು ಎಣಿಕೆಯಮ್ಮ ನಾಲ್ಕು ಮೂಲೆ ಸೇರಿಸಿ ಗಂಟು ಕಟ್ಟಿದಳು. ಮೇಲಿನದು ಅಕ್ಕನ ಫಾರಂ. ಅಕ್ಕ ನಡೆದೇ ಬಂದಳು. ದಾರಿಯಲ್ಲಿ ಹದಿಮೂರು ಸಲ ನಿಂತಳು. ಅವಳು ನಿಂತಾಗ ಎಲ್ಲರೂ ನಿಂತರು.

"ಪಕ್ಕದ ಬಾಗಿಲು" ಎಂದ ಕಾವಲುಗಾರ.

ಅಕ್ಕ ಅವನ ಮುಂದೆ ನಿಂತು ಉಸಿರೆಳೆದುಕೊಂಡಳು. "ನೋಡಪ್ಪ, ಅಷ್ಟು ದೂರ ಸುತ್ತೋಕೆ ನನ್ನ ಹತ್ರ ಉಸಿರಿಲ್ಲ. ನೀನು ಕೊಡ್ತೀಯಾ?" ಎಂದು ಅವನ ತೋಳಿನ ಕೆಳಗಿನಿಂದ ದಾಟಿದಳು. ಅವಳ ಹಿಂದೆ ನಲವತ್ತೊಂದು ಮಂದಿ ದಾಟಿದರು.

ನಾಲ್ಕನೆಯ ಕೌಂಟರಿನ ಮೇಲೆ ಗಂಟು ಕೂತಿತು. ಗುಮಾಸ್ತ ರೂಲುಕಡ್ಡಿ ಎತ್ತಿದ. ಕಡ್ಡಿಯಿಂದ ಗಂಟು ಬಿಚ್ಚಲು ಬರುವುದಿಲ್ಲ.

"ಇಟ್ಟು ಹೋಗಿ. ಆಮೇಲೆ ನೋಡ್ತೀನಿ."

"ಬಿಚ್ಚಿ ಸಾರ್. ಎಣಿಸಿ. ಒಂದೊಂದಕ್ಕೂ ಸೀಲು ಹಾಕಿ. ಆಮೇಲೆ ಹೋಗ್ತೀವಿ."

"ಯಾರು ಕೊಟ್ಟಿದ್ದು ನಿಮಗೆ ಈ ಫಾರಂ?"

"ನಿಮ್ಮ ಒಂದನೇ ಕೌಂಟರು."

ಅವನು ಮೇಲಿನದನ್ನು ಬೆರಳ ತುದಿಯಲ್ಲಿ ಎಳೆದು ಓದಿದ. "ತಗಡಿನ ಸಾಲು, ಮನೆ ನಂಬರ್ ಒಂಬತ್ತು. ಶೆಡ್ಡಿಗೆ ನಂಬರ್ ಎಲ್ಲಿಂದ ಬಂತು? ಯಾರು ಹಾಕಿದ್ದು?"

"ನಾನು."

"ನೀನು ಯಾರು ನಂಬರ್ ಹಾಕೋಕೆ?"

"ಮೂವತ್ತೊಂದು ವರ್ಷ ಸರ್ಕಾರದ ಬಟ್ಟೆಗೆಲ್ಲ ನಂಬರ್ ಹಾಕಿದವಳು. ಏಳನೇ ವಾರ್ಡಿಂದು ಎಂಟಕ್ಕೆ ಹೋಗಿಲ್ಲ. ಒಂದು ದಿನಕ್ಕೂ. ಪೋಸ್ಟಿನವನು ನಾಳೆ ಬರಲಿ. ಒಂಬತ್ತು ಅಂತ ಕೇಳಿದ್ರೆ ಒಂಬತ್ತಕ್ಕೇ ಬರ್ತಾನೆ. ವಿಳಾಸ ಅಂದ್ರೆ ಇನ್ನೇನು ಸಾರ್?"

ಹಜಾರದಲ್ಲಿದ್ದ ಬೇರೆ ಜನರೂ ಹತ್ತಿರ ಬಂದಿದ್ದರು. ಸಿಸ್ಟರಮ್ಮ ಹದಿನಾಲ್ಕನೆಯ ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿದರು. ಆಮೇಲೆ ಹರಿದು ಹಾಕದೆ ಉಳಿಸಿಕೊಂಡಿದ್ದ ಎಣಿಕೆಯಮ್ಮನ ಹಳೆಯ ಫಾರಂ ಎತ್ತಿ ಹದಿನೈದನೆಯದನ್ನೂ ಓದಿದರು. ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಒಳಕೋಣೆಯ ಬಾಗಿಲು ತೆರೆದು ಒಬ್ಬ ಸಾಹೇಬ ಹೊರಗೆ ನೋಡಿದ. ನಲವತ್ತೆರಡು ಮಂದಿಯನ್ನು ನೋಡಿದ. "ತಗೊಳ್ರೀ, ತಗೊಂಡು ಕಳಿಸಿ" ಎಂದು ಬಾಗಿಲು ಹಾಕಿಕೊಂಡ.

ಗುಮಾಸ್ತ ಕಡ್ಡಿ ಕೆಳಗಿಟ್ಟ. ಎರಡೂ ಕೈಯಿಂದ ಗಂಟು ಬಿಚ್ಚಿದ. ಎಣಿಸತೊಡಗಿದ. ಬೇಗ ಬೇಗ ಎಣಿಸಿದ. ಇಪ್ಪತ್ತಾರರ ಬಳಿ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಸರಿದವು. ಅವನು ನೋಡಲಿಲ್ಲ. ನಲವತ್ತೊಂದಕ್ಕೆ ಮುಗಿಸಿ, "ಒಂದು ಕಡಿಮೆ ಇದೆ" ಎಂದ.

"ಇಪ್ಪತ್ತಾರರಲ್ಲಿ ಎರಡು ಹೋಯ್ತು ಸಾರ್. ಮೊದಲಿಂದ ಎಣಿಸಿ."

ಅವನು ಅವಳನ್ನು ದುರುಗುಟ್ಟಿಕೊಂಡು ನೋಡಿದ. ಅವಳೂ ನೋಡಿದಳು. ಹಂಡೆಯ ಹಬೆಯ ಮುಂದೆ ಮೂವತ್ತೊಂದು ವರ್ಷ ರೆಪ್ಪೆ ಹೊಡೆಯದೆ ನಿಂತ ಕಣ್ಣು ಅದು. ಅವನು ಕಟ್ಟನ್ನು ತಟ್ಟಿ ಸರಿಮಾಡಿ ಮೊದಲಿನಿಂದ ಶುರು ಮಾಡಿದ. ಈ ಸಲ ನಲವತ್ತೆರಡು ಬಂತು.

ಮೊದಲ ಸೀಲು ಅಕ್ಕನ ಫಾರಮ್ಮಿಗೆ ಬಿತ್ತು. ಗುಮಾಸ್ತ ಸ್ವೀಕೃತಿಯ ತುಂಡನ್ನು ಹರಿದು ಕೈಗೆ ಕೊಟ್ಟ. ಬೆಂಚಿನ ಮೇಲೆ ಅಕ್ಕನ ಸೀಟಿ ಸಣ್ಣಗೆ ಕೇಳುತ್ತಿತ್ತು. ಎಣಿಕೆಯಮ್ಮ ಆ ತುಂಡನ್ನು ಬೆಳಕಿಗೆ ಹಿಡಿದಳು. ತಾರೀಖು ನೋಡಿದಳು. ಆಮೇಲೆ ಗೆರೆಯಿಲ್ಲದ ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಸೀಲಿನ ಮೇಲಿಟ್ಟು, ಒತ್ತಿ ಉಜ್ಜಿದಳು. ಎರಡು ಸಲ ಉಜ್ಜಿದಳು.

ಮಸಿ ಬಿಡಲಿಲ್ಲ.

"ಎರಡನೇದು ಹಾಕಿ ಸಾರ್" ಎಂದಳು.